ಎರಡು ಸಲ ಬರೆದ ಆಟ

ಆಮೊಸ್ ಟಿಲ್ಮನ್ ಕಾಲೇಜು ಮೈದಾನದ ಪಕ್ಕದ ಕೋಣೆಗೆ ಕಾಲಿಟ್ಟ. ಪರೀಕ್ಷೆ ಕೊಡಬೇಕಾದವನು ಹುಡುಗ, ಬೆವರುತ್ತಿದ್ದವನು ಮುದುಕ.

ಅಲಬಾಮಾ, ಮಿಸಿಸಿಪ್ಪಿ ಕಡೆಯ ಕಾಲೇಜುಗಳನ್ನು ಸುತ್ತಿ, ಅಮೆರಿಕನ್ ಫುಟ್‌ಬಾಲ್ ಹುಡುಗರಲ್ಲಿ ಯಾರು ದೊಡ್ಡ ಆಟಕ್ಕೆ ತಡೆದಾರು, ಯಾರು ತಡೆಯಲಾರರು ಎಂದು ತನ್ನ ತಂಡಕ್ಕೆ ಹೇಳುವುದು ಆಮೊಸ್‌ನ ಕಸುಬು. ವಸಂತದಲ್ಲಿ ಡ್ರಾಫ್ಟ್ ಬರುತ್ತದೆ, ತಂಡಗಳು ಸರದಿಯಲ್ಲಿ ಹುಡುಗರನ್ನು ಆರಿಸಿಕೊಳ್ಳುತ್ತವೆ. ಅಲ್ಲಿಯತನಕ ಇವನಿಗೆ ಟ್ರಕ್ಕೇ ಮನೆ. ದಾರಿಬದಿಯ ಬೇಯಿಸಿದ ಶೇಂಗಾ, ಮೋಟೆಲಿನ ಕಲಗಚ್ಚಿನಂಥ ಕಾಫಿ. ಮಕ್ಕಳ ಹುಟ್ಟುಹಬ್ಬಕ್ಕೆಲ್ಲ ಫೋನಿನಲ್ಲೇ ಹಾಡಿದ ಅಪ್ಪ. ಹರೆಯದಲ್ಲಿ ಅವನೂ ಆಡಿದವನೇ, ತಲೆಕೊಟ್ಟು ಗುದ್ದುವುದರಲ್ಲಿ ಎತ್ತಿದ ಕೈ. ಆ ಕಾಲದಲ್ಲಿ ತಲೆ ಗಿರ್ರೆಂದರೆ ಮೂಗಿಗೆ ಅಮೋನಿಯಾ ಹಿಡಿದು ಮತ್ತೆ ಮೈದಾನಕ್ಕೆ ದಬ್ಬುತ್ತಿದ್ದರು. ಅದನ್ನೇ ಗಂಡಸುತನ ಎನ್ನುತ್ತಿದ್ದರು, ಮೂರ್ಖರು.

ಆಟ ನಡೆಸುತ್ತ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕನ್ನು ಅಳೆಯುವುದಕ್ಕೆ ಆಮೊಸ್‌ನದೇ ಒಂದು ರೀತಿ. ಚೆಂಡನ್ನು ದೂರ ಎಸೆಯುವ ತೋಳು ಊರೂರಿಗೂ ಸಿಗುತ್ತದೆ. ಎದುರಾಳಿಗಳು ಮೈಮೇಲೆ ಮುಗಿಬೀಳುವಾಗಲೂ ತನ್ನವರು ಯಾರು ಎತ್ತ ಓಡುತ್ತಿದ್ದಾರೆಂದು ಮರೆಯದ ತಲೆ ಸಿಗುವುದೇ ಕಷ್ಟ. ಅದಕ್ಕೇ ಅವನು ಬಿಳಿ ಹಲಗೆಯ ಮೇಲೆ ಕಪ್ಪು ಪೆನ್ನಿನಲ್ಲಿ ಒಂದು ಆಟ, ಅಂದರೆ ಯಾರು ಎತ್ತ ಓಡಬೇಕೆಂಬ ನಕ್ಷೆ, ಬರೆದು, ವಿವರಿಸಿ, ಅಂಗೈಯಿಂದ ಒರೆಸಿಬಿಡುತ್ತಿದ್ದ. ಆಮೇಲೆ ಮೀನು, ಅಜ್ಜಿ, ಹಾಳುಹರಟೆ. ಹುಡುಗ ಮೈಮರೆತಾಗ ಹಸಿರು ಪೆನ್ನು ಚಾಚಿ, “ಆಗಿನ ಆಟ ಬರಿ” ಎನ್ನುತ್ತಿದ್ದ. ಹುಡುಗರು ಒಬ್ಬರಿಗೊಬ್ಬರು ಹೇಳಿಕೊಟ್ಟಾರೆಂದು ಪ್ರತಿಯೊಬ್ಬನಿಗೂ ಹೊಸ ಆಟ, ನಿಂತ ನಿಲುವಿನಲ್ಲಿ ಕಟ್ಟಿದ್ದು. ಎಲ್ಲಿಯೂ ಬರೆದಿಡುತ್ತಿರಲಿಲ್ಲ. “ನನ್ನ ತಲೆಯೇ ಪೆಟ್ಟಿಗೆ” ಎಂದು ಜಂಬ ಬೇರೆ.

ಈಚೆಗೆ ಆ ಪೆಟ್ಟಿಗೆಯ ತಳ ಸೋರತೊಡಗಿತ್ತು. ಅದು ಗೊತ್ತಿದ್ದವಳು ಹೆಂಡತಿ ವರ್ನಾ ಒಬ್ಬಳೇ. ಆ ಬೆಳಿಗ್ಗೆಯೂ ಫೋನಿನಲ್ಲಿ ಅದೇ ಮಾತು ತೆಗೆದಿದ್ದಳು.

“ಆಮೊಸ್, ಪ್ರೆಂಟಿಸ್‌ಗೆ ಹೇಳ್ಬಿಡು.” ಪ್ರೆಂಟಿಸ್ ಎಂದರೆ ತಂಡಕ್ಕೆ ಹುಡುಗರನ್ನು ಆರಿಸುವ ಯಜಮಾನ.

“ಏನಂತ ಹೇಳ್ಲಿ? ವಯಸ್ಸಾದ ಮೇಲೆ ಎಲ್ರೂ ಮರೀತಾರೆ ಕಣೆ.”

“ಕನ್ನಡಕ ಮರೀತಾರೆ. ನೀನು ನನ್ನನ್ನೇ ಅಂಗಡೀಲಿ ಬಿಟ್ಟು ಮನೆಗೆ ಹೋಗಿದ್ದೆ.”

ಅವನು ರೇಗಿ ಫೋನಿಟ್ಟಿದ್ದ. ಹೇಳಿದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತು. ಬೀಳ್ಕೊಡುಗೆಯ ಒಂದು ಔತಣ, ಒಂದು ಕೈಗಡಿಯಾರ, ಮನೆ. ಟ್ರಕ್ಕಿಲ್ಲದ ಆಮೊಸ್‌ನನ್ನು ಅವನಿಗೆ ನೆನೆಯಲೂ ಆಗುತ್ತಿರಲಿಲ್ಲ.

ಈಗ ಕೋಣೆಯಲ್ಲಿ ಎದುರಿಗೆ ಕೂತಿದ್ದವನು ಕ್ವಾರ್ಟರ್‌ಬ್ಯಾಕ್ ಜೋನಾ ಕ್ವಾರ್ಲ್ಸ್. ಉದ್ದನೆಯ ಕೈ, ಮೆಲುಮಾತು. ಕೊನೆಯ ಪಂದ್ಯದಲ್ಲಿ ದೊಡ್ಡ ಏಟು ತಿಂದು ಎದ್ದವನೇ ಚೆಂಡನ್ನು ಯಾರೂ ಇಲ್ಲದ ಕಡೆ ಎಸೆದಿದ್ದ. ಅಂದಿನಿಂದ ಒಂದೇ ಗುಸುಗುಸು: ಏಟು ಬಿದ್ದರೆ ಇವನ ತಲೆ ಖಾಲಿ. ಉಳಿದ ತಂಡಗಳು ಹಿಂದೆ ಸರಿದಿದ್ದವು. ಪ್ರೆಂಟಿಸ್‌ಗೆ ಮಾತ್ರ ಇನ್ನೂ ಆಸೆ. ಆಮೊಸ್ ಹೂಂ ಎಂದರೆ ಹುಡುಗನ ಬದುಕು ದಡ ಸೇರಿತು. ಉಹೂಂ ಎಂದರೆ ಅಲ್ಲಿಗೆ ಮುಗಿಯಿತು.

ಆಮೊಸ್ ಆಟ ಬರೆದ, ವಿವರಿಸಿದ, ಒರೆಸಿದ. ಹರಟೆ ಶುರುವಾಯಿತು. ಜೋನಾನ ಅಜ್ಜಿ ಮೀನು ಕರಿಯುವಾಗ ಜೋಳದ ಹಿಟ್ಟಿಗೆ ಏನೇನು ಬೆರೆಸುತ್ತಾಳೆ ಎಂಬಲ್ಲಿಗೆ ಬಂದಾಗ ಫೋನು ಬಡಿದುಕೊಂಡಿತು.

“ಏನಪ್ಪ, ಆಯ್ತಾ?” ಪ್ರೆಂಟಿಸ್ ಕೇಳಿದ. “ಇವತ್ತೇ ಬೇಕು ನಂಗೆ. ನೀನು ಹೇಳಿದ್ದೇ ಕೊನೆ ಮಾತು.”

“ಸ್ವಲ್ಪ ತಡಿ” ಎಂದು ಆಮೊಸ್ ಫೋನಿಟ್ಟ. ಎದ್ದು ಅಂಗೈಯಿಂದ ಹಲಗೆ ಒರೆಸಿದ. ನೀರು ಕುಡಿದ. ಹಸಿರು ಪೆನ್ನು ಚಾಚಿದ.

“ಸರಿ ಮರಿ. ಆಗಿನ ಆಟ ಬರಿ, ನೋಡೋಣ.”

ಜೋನಾ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಎದ್ದು, ತಡವರಿಸದೆ ಬರೆಯತೊಡಗಿದ. ಯಾರು ಒಳಕ್ಕೆ ತಿರುಗುತ್ತಾನೆ, ಯಾರು ಗೆರೆಯುದ್ದಕ್ಕೂ ಓಡುತ್ತಾನೆ, ಎಲ್ಲವನ್ನೂ ಹೇಳುತ್ತ ಬರೆದ. ಆಮೊಸ್ ಕಣ್ಣು ಕಿರಿದಾಗಿಸಿ ನೋಡಿದ. ಚೆನ್ನಾಗಿತ್ತು. ತನ್ನದೇ ಆಟವೇ? ಇರಬೇಕು. ಎಡಗಡೆಯವನು ಹೀಗೇ ತಿರುಗಿದ್ದನೆ? ತಲೆಯೊಳಗೆ ತಡಕಿದ. ಅಲ್ಲಿ ಏನೂ ಇರಲಿಲ್ಲ.

ಹಣೆ ಒರೆಸಿಕೊಳ್ಳಲು ಕೈ ಎತ್ತಿದಾಗ ಅಂಗೈ ಕಣ್ಣಿಗೆ ಬಿತ್ತು. ಕಪ್ಪು ಮಸಿ ಇತ್ತು, ಅದು ಅವನದು. ಅದರ ಮೇಲೆ ಹಸಿರು ಮಸಿಯೂ ಇತ್ತು. ಹುಡುಗ ಹಸಿರಿನಲ್ಲಿ ಬರೆದದ್ದು ಇನ್ನೂ ಹಲಗೆಯ ಮೇಲೆ ಹಾಗೇ ಇದೆ, ಅದನ್ನು ಯಾರೂ ಮುಟ್ಟಿಲ್ಲ.

ಆಮೊಸ್ ಹುಡುಗನ ಕಡೆ ತಿರುಗಿದ.

“ಇದನ್ನ ಆಗ್ಲೇ ಒಂದ್ಸಲ ಬರೆದಿದ್ಯಾ?”

“ಹೌದು ಸರ್. ಫೋನ್ ಬರೋಕೆ ಮುಂಚೆ. ನೀವು ‘ಭೇಷ್’ ಅಂದ್ರಿ.”

“ಮತ್ತೆ ಬರಿ ಅಂದಾಗ ಬಾಯಿ ಬಿಡೋಕೇನಾಗಿತ್ತು ನಿಂಗೆ?”

ಜೋನಾ ಪೆನ್ನಿನ ಮುಚ್ಚಳ ಹಾಕಿದ. “ನಮ್ ತಾತನೂ ಆಡಿದವ್ರು ಸರ್. ಕಡೆಕಡೆಗೆ ಕೇಳಿದ್ದೇ ಕೇಳೋರು. ಆಗ್ಲೇ ಹೇಳಿದ್ನಲ್ಲ ತಾತ ಅಂದ್ರೆ ಹೆದರ್ಕೊಳ್ಳೋರು. ಅಜ್ಜಿ ಹೇಳಿದ್ಲು, ಎಷ್ಟು ಸಲ ಕೇಳಿದ್ರೂ ಮೊದಲ್ನೇ ಸಲದ ಥರಾನೇ ಹೇಳು ಅಂತ.”

ಆಮೊಸ್‌ಗೆ ಅಳು ಬಂತು, ಸಿಟ್ಟೂ ಬಂತು.

“ಎರಡು ಸಲಾನೂ ಒಂದೇ ಥರ ಬರೆದ್ಯಾ?”

“ಒಂದೇ ಥರ ಸರ್.”

ಅದನ್ನು ಒರೆಗೆ ಹಚ್ಚಲು ಆಮೊಸ್‌ನ ಬಳಿ ಏನೂ ಉಳಿದಿರಲಿಲ್ಲ. ಹೂಂ ಎಂದುಬಿಡಬಹುದು, ಯಾರಿಗೂ ತಿಳಿಯದು, ಹುಡುಗನೂ ಬಾಯಿ ಬಿಡುವವನಲ್ಲ. ಇನ್ನೊಂದು ವರ್ಷ ಟ್ರಕ್ಕು, ಶೇಂಗಾ, ಕೆಟ್ಟ ಕಾಫಿ. ಆದರೆ ಈ ಹೂಂ ನೋಡಿ ಹೇಳಿದ್ದಲ್ಲ. ನಾಳೆ ಇನ್ನೊಬ್ಬ ಹುಡುಗನಿಗೆ ಉಹೂಂ ಎಂದರೆ ಅದೂ ನೋಡಿ ಹೇಳಿದ್ದಾಗಿರುವುದಿಲ್ಲ. ತಾನು ಮರೆತ ಆಟಕ್ಕೆ ಯಾರದೋ ಮಗ ಮನೆಗೆ ಹೋಗುತ್ತಾನೆ.

ಫೋನು ಮತ್ತೆ ಬಡಿದುಕೊಂಡಿತು. ಜೋನಾ ಹೊರಹೋಗಲು ತಿರುಗಿದ. ಆಮೊಸ್ ಕೂರೆಂದು ಕೈಮಾಡಿದ.

“ಹೇಳಪ್ಪ” ಎಂದ ಪ್ರೆಂಟಿಸ್. “ತಲೆ ಹೇಗಿದೆ?”

“ಹುಡುಗಂದು ಗಟ್ಟಿ ಇದೆ ಅನ್ಸುತ್ತೆ. ಆದ್ರೆ ನನ್ ಮಾತು ನಂಬ್ಬೇಡ. ನಾಳೆ ಬೇರೆ ಯಾರನ್ನಾದ್ರೂ ಕಳಿಸಿ ಮೊದಲಿಂದ ನೋಡ್ಸು. ಕೆಟ್ಟಿರೋದು ನನ್ ತಲೆ.”

ಪ್ರೆಂಟಿಸ್‌ನ ದನಿ ಮೆತ್ತಗಾಗಿತ್ತು. “ಯಾವಾಗಿಂದ, ಆಮೊಸ್?”

ಆಮೊಸ್ ಹಸಿರು ಹತ್ತಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಅದನ್ನ ವರ್ನಾನ ಕೇಳ್ಬೇಕು” ಎಂದ. “ನಂಗೆ ಗೊತ್ತಿಲ್ಲ.”