ಗಡಿಯಾರದಕ್ಕನ ಅಡ್ಡಾದಿಡ್ಡಿ ನಡಿಗೆ

ಬೆಳಗಿನ ಆರು ಗಂಟೆ. ಮಾರುಕಟ್ಟೆ ರಸ್ತೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಾಲ್ಕು ಹೆಜ್ಜೆ ನಡೆದು ಗಕ್ಕನೆ ನಿಲ್ಲುತ್ತಾರೆ. ಹಿಂದಕ್ಕೆ ತಿರುಗುತ್ತಾರೆ, ಮೊಬೈಲನ್ನು ಸೊಂಟಕ್ಕೆ ಒತ್ತಿಕೊಂಡು ವಾಲಾಡುತ್ತಾ ಹೋಗುತ್ತಾರೆ. ಹಾಲಿನ ಗಾಡಿಯವನು ಬ್ರೇಕ್ ಹಾಕಿ, "ಏನಮ್ಮಾ, ತಲೆ ಸುತ್ತುತ್ತಾ?" ಎನ್ನುತ್ತಾನೆ.

"ಇಲ್ಲಪ್ಪ, ಕೆಲಸದಲ್ಲಿದೀನಿ."

ಇಲ್ಲಿನ ದೀಪದ ಕಂಬಗಳ ಮೇಲಿರುವ ಪುಟ್ಟ ಪೆಟ್ಟಿಗೆಗಳು ಹೊಸ ಬಗೆಯ ಮೊಬೈಲ್ ತರಂಗ ಕಳಿಸುತ್ತವೆ. ಅದು ಟಾರ್ಚಿನ ಬೆಳಕಿನಂತೆ ಸಣ್ಣ ಕಿರಣವಾಗಿ ಫೋನಿನ ಮೇಲೆ ಬೀಳುತ್ತದೆ. ಫೋನು ಹಿಡಿದವರು ನಡೆದತ್ತ ಕಿರಣವೂ ತಿರುಗಬೇಕು. ಮೈ ಅಡ್ಡ ಬಂದರೆ ಗೋಡೆಗೆ ತಾಗಿ ಬರುವ ಇನ್ನೊಂದು ದಾರಿ ಹುಡುಕಬೇಕು. ಅದು ಬೆನ್ನು ಬಿಡದೆ ಬರುತ್ತದೆಯೇ ಎಂದು ನಡೆದು ನೋಡುವುದೇ ಇವರ ಉದ್ಯೋಗ. ದಿನಕ್ಕೆ ಹದಿನಾಲ್ಕು ಕಿಲೋಮೀಟರ್, ಬೆನ್ನಿಗೆ ಆರು ಕಿಲೋ ತೂಕದ ಅಳತೆಯ ಯಂತ್ರ, ವರ್ಷಕ್ಕೆ ನಾಲ್ಕು ಜೊತೆ ಬೂಟು. ಫೋನು ಎದೆಯ ಮಟ್ಟದಲ್ಲಿರಲಿ, ಹೆಜ್ಜೆ ಒಂದೇ ಸಮ ಇರಲಿ ಎಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ಕಚೇರಿಯವರು ಇಟ್ಟ ಹೆಸರು ಗಡಿಯಾರದಕ್ಕ. ನಾಲ್ಕು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ವರದಿ ಬರೆದಿದ್ದಾರೆ, ಬಹುತೇಕ ಎಲ್ಲವೂ ಪಾಸು.

ಕಳೆದ ತಿಂಗಳು ಇದೇ ರಸ್ತೆಯಲ್ಲಿ ಅವರ ಅತ್ತೆ ಎದೆ ಹಿಡಿದುಕೊಂಡು ಕುಸಿದರು. ಬೈಕಿನಲ್ಲಿ ಧಾವಿಸಿ ಬಂದ ನರ್ಸ್, ಫೋನಿನಲ್ಲಿ ವೈದ್ಯರಿಗೆ ರೋಗಿಯನ್ನು ತೋರಿಸುತ್ತಾ ಕಂಬಕ್ಕೆ ಬೆನ್ನು ಮಾಡಿ ಬಗ್ಗಿದರು. ಯಾವ ಇಂಜೆಕ್ಷನ್ ಎಂದು ವೈದ್ಯರು ಹೇಳುವಷ್ಟರಲ್ಲಿ ಚಿತ್ರ ನಿಂತಿತು, ಮಾತೂ ನಿಂತಿತು. ನಲವತ್ತು ಸೆಕೆಂಡು.

"ನಾನೇ ಪಾಸ್ ಮಾಡಿದ ರಸ್ತೆ" ಎನ್ನುತ್ತಾರೆ ಅವರು. ಆಮೇಲೆ ಕರೆ ಮತ್ತೆ ಸಿಕ್ಕಿತು, ಅತ್ತೆ ಬದುಕಿದರು.

ನಿಜವಾದ ಆಘಾತ ಕಾದಿದ್ದು ಕಚೇರಿಯಲ್ಲಿ. ಎಂಜಿನಿಯರ್ ತಲೆ ತಗ್ಗಿಸಿ ಹೇಳಿದರಂತೆ: "ಪೆಟ್ಟಿಗೆ ಮುಂದಿನ ಹೆಜ್ಜೆ ಊಹಿಸಿ ತಿರುಗುತ್ತೆ ಅಕ್ಕ. ಆ ಊಹೆ ಕಲಿತಿರೋದೇ ನಿಮ್ಮ ನಡಿಗೆ ನೋಡಿ. ನಿಮ್ಮ ಹಾಗೆ ನಡೆಯೋರು ಊರಲ್ಲಿ ಬೇರೆ ಯಾರಿದಾರೆ?"

ಇಡೀ ಊರಿನ ಫೋನುಗಳು ಒಬ್ಬ ಹೆಂಗಸಿನ ಶಿಸ್ತನ್ನು ನಂಬಿ ಕೂತಿದ್ದವು. ನಾಲ್ಕು ವರ್ಷ ಇದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಸಿಟ್ಟು ಬರುತ್ತದೆ.

ಗಡಿಯಾರದಕ್ಕ ತಮ್ಮ ಅಷ್ಟೂ ವರದಿಗಳನ್ನು ರದ್ದು ಮಾಡಿ ಎಂದು ಅರ್ಜಿ ಬರೆದರು. ಮ್ಯಾನೇಜರ್ ಕೆಂಡಾಮಂಡಲವಾದರು. ತಪ್ಪು ಅಂತ ತೋರಿಸಿದರೆ ರದ್ದು, ಇಲ್ಲದಿದ್ದರೆ ಕೆಲಸ ಬಿಡಿ ಎಂದರು. ಇವತ್ತಿನ ಈ ಅಡ್ಡಾದಿಡ್ಡಿ ನಡಿಗೆಯ ಇಪ್ಪತ್ತು ಸುತ್ತು ಅದಕ್ಕೇ. ತರಬೇತಿ ಕೊಟ್ಟವರು ಹಾಸಿಗೆಯಲ್ಲಿರುವ ಅತ್ತೆ. "ನೀನು ನಡೆಯೋದು ಮನುಷ್ಯರು ನಡೆದ ಹಾಗಿಲ್ಲ ಕಣೇ. ಯಾರಾದ್ರೂ ಕರೆದ್ರೆ ತಿರುಗು, ಮಂಡಿ ನೋವಾದ್ರೆ ನಿಲ್ಲು" ಎಂದು ಮನೆಯ ಹಜಾರದಲ್ಲೇ ವಾರವಿಡೀ ನಡೆಸಿದ್ದಾರೆ.

ಏಳೂವರೆಗೆ ಕೊನೆಯ ಸುತ್ತು ಮುಗಿಯುತ್ತದೆ. ಇಪ್ಪತ್ತರಲ್ಲಿ ಹನ್ನೊಂದು ಸಲ ಕಿರಣ ಕೈಕೊಟ್ಟಿದೆ. ಕಟ್ಟೆಯ ಮೇಲೆ ಕೂತು, ಬೂಟಿನ ದಾರ ಸಡಿಲಿಸಿ, ಅವರು ವರದಿಯಲ್ಲಿ ದೊಡ್ಡ ಅಕ್ಷರದಲ್ಲಿ "ಫೇಲ್" ಎಂದು ಬರೆಯುತ್ತಾರೆ.

"ಇನ್ಮೇಲೆ ಕುಂಟೋರು, ಮಗು ಎತ್ಕೊಂಡೋರು, ಎಲ್ಲರನ್ನೂ ನಡೆಸಿ ನೋಡಲಿ. ನಾನೊಬ್ಬಳೇ ಬೇಡ."