ಅಗಸೆ ಎಣ್ಣೆ ಕುಡಿದ ಮಂಚ

ಒಂದು ಮಂಚದ ವಾಸನೆಯಿಂದ ನಮ್ಮ ಮನೆಯಲ್ಲಿ ಎರಡು ಜೀವ ಹೋಗುವುದಿತ್ತು. ಆ ಮಂಚ ಮಾಡಿದವನು ನಾನೇ. ಬೇರೆಯವರ ಕೈಕೆಲಸವಾಗಿದ್ದರೆ ಊರ ತುಂಬ ಬೈಯುತ್ತ ತಿರುಗುತ್ತಿದ್ದೆ. ನನ್ನದಾದ್ದರಿಂದ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ನಾನು ತಿಕೋಟಾದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಮನೆ ವಿಜಯಪುರದಲ್ಲಿ. ರಜೆ ಬಂತೆಂದರೆ ಉಳಿ, ಗರಗಸ ಹಿಡಿದು ಹಿತ್ತಲಲ್ಲಿ ಕೂಡುವುದು ನನ್ನ ಚಟ. ಮಣೆ, ಪುಸ್ತಕದ ಕಪಾಟು, ದೇವರ ಪೀಠ, ಎಲ್ಲವೂ ಸ್ವಲ್ಪ ಸ್ವಲ್ಪ ಡೊಂಕು, ಎಲ್ಲವೂ ನನ್ನವೇ. ಬಬಲೇಶ್ವರಕ್ಕೆ ಕೊಟ್ಟ ಮಗಳು ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ನಮ್ಮ ಕಡೆ ಬಾಣಂತಿಯನ್ನು ಹಗ್ಗದ ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡದ ಶೆಗಡಿ ಇಡುತ್ತಾರೆ. ಶಾಖ ಸೊಂಟಕ್ಕೆ ತಾಗಿ ನೋವು ಇಳಿಯಬೇಕು. ಮನೆಯ ಹಳೆಯ ಹೊರಸಿಗೆ ಹುಳ ಬಿದ್ದಿತ್ತು. ಹಗ್ಗ ಯಾಕೆ, ಸಾಗವಾನಿಯ ಪಟ್ಟಿಗಳನ್ನೇ ಬಡಿದು ನಡುವೆ ಎರಡೆರಡು ಬೆರಳು ಸಂದು ಬಿಟ್ಟರೆ ಶಾಖ ಮೇಲೆ ಬರುತ್ತದಲ್ಲ ಎಂದು ನನ್ನ ತಲೆ ಓಡಿತು. ತಲೆ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಮರಕ್ಕೆ ಅಗಸೆ ಎಣ್ಣೆ ಹಚ್ಚಿದರೆ ಹೊಳಪು ಬರುತ್ತದೆಂದು ಮೊಬೈಲಿನಲ್ಲಿ ನೋಡಿದ್ದೆ. ಅಗಸೆಗೆ ನಮ್ಮಲ್ಲಿ ಬರವೇ? ದಿನಾ ರೊಟ್ಟಿಗೆ ಅದರ ಚಟ್ನಿಯೇ. ಗಾಣದಿಂದ ಎರಡು ಬಾಟಲಿ ಹಸಿ ಎಣ್ಣೆ ತಂದೆ. ಶಾಲೆಯ ಎದುರು ಅಂಗಡಿ ಇಟ್ಟಿರುವ ಬಡಗಿ ಚಾಚಾಗೆ ಹೆಮ್ಮೆಯಿಂದ ತೋರಿಸಿದೆ. ಅವರು ಬಾಟಲಿ ಮೂಸಿ ನೋಡಿ ನಕ್ಕರು.

"ಸರ, ಇದು ಉಣ್ಣೂ ಎಣ್ಣಿ ಐತ್ರಿ. ಮರಕ್ಕ ಹಚ್ಚೂದು ಬಣ್ಣದ ಅಂಗಡ್ಯಾಗ ಬ್ಯಾರೆ ಸಿಗತೈತಿ. ಇದು ತಿಂಗಳಾದರೂ ಒಣಗೂದಿಲ್ರಿ."

"ನೋಡೂಣ್ರಿ ಚಾಚಾ," ಅಂದೆ. ವ್ಯಾಕರಣದ ತಪ್ಪು ತಿದ್ದುವವನಿಗೆ ಮತ್ತೊಬ್ಬರು ತಪ್ಪು ತೋರಿಸಿದರೆ ಮೈ ಉರಿಯುತ್ತದೆ.

ಎಂಟು ದಿನವಾದರೂ ಮಂಚಕ್ಕೆ ಕೈ ಇಟ್ಟರೆ ಅಂಟುತ್ತಿತ್ತು. ಮಗಳ ದಿನ ಹತ್ತಿರ ಬಂದಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ. ಅಂಟು ಕಾಣದಿರಲಿ ಎಂದು ಅದರ ಮೇಲೆಯೇ ಥಿನ್ನರ್ ಬೆರೆಸಿದ ವಾರ್ನಿಶ್ ಎರಡು ಕೈ ಎಳೆದುಬಿಟ್ಟೆ. ಮೇಲೆ ಕನ್ನಡಿಯಂಥ ಹೊಳಪು ಬಂತು, ಒಳಗೆ ಎಣ್ಣೆ ಹಸಿಯಾಗಿಯೇ ಕೂತಿತು. ಅಲ್ಲಿಂದ ಶುರುವಾಯಿತು ವಾಸನೆ. ಹಳಸಿದ ಎಣ್ಣೆ ಮತ್ತು ಥಿನ್ನರ್ ಎರಡೂ ಸೇರಿದ, ಗಂಟಲ ಹಿಂದೆ ಕೂಡುವಂಥ ವಾಸನೆ. ಮಂಚವನ್ನು ಮಾಳಿಗೆಯ ಬಿಸಿಲಿಗೆ ಹಾಕಿದೆ. ಕೆಳಗೆ ಇದ್ದಿಲ ಬುಟ್ಟಿ ಇಟ್ಟೆ. ಉಳ್ಳಾಗಡ್ಡಿ ಹೆಚ್ಚಿಟ್ಟೆ, ಸೋಡಾಪುಡಿ ಉದುರಿಸಿದೆ, ಕಾಫಿಪುಡಿ ಇಟ್ಟೆ, ಬೇವಿನ ಸೊಪ್ಪು ಕಟ್ಟಿದೆ. ಮಂಚಕ್ಕೆ ನಡೆದ ಆ ಸೇವೆ ನೋಡಿ ಹೆಂಡತಿ, "ಅದಕ್ಕೊಂದು ಬಸುರಿ ಕುಬಸಾನೂ ಮಾಡಿಬಿಡ್ರಿ," ಅಂದಳು. ನಾಲ್ಕೈದು ದಿನಕ್ಕೆ ನನಗೆ ವಾಸನೆ ಬರುವುದು ನಿಂತಿತು. ಹೋಯಿತೆಂದು ಸಾರಿದೆ. ಹೋಗಿದ್ದು ವಾಸನೆಯಲ್ಲ, ನನ್ನ ಮೂಗು ಎಂದು ಆಗ ತಿಳಿಯಲಿಲ್ಲ.

ಮೊಮ್ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಂದ ತಾಯಿ ಮಗು ಇಬ್ಬರನ್ನೂ ನಡುಮನೆಯ ಪಕ್ಕದ ಕೋಣೆಯಲ್ಲಿ ಆ ಮಂಚದ ಮೇಲೆ ಮಲಗಿಸಿದೆವು. ಚಳಿಗಾಲ. ಬಾಣಂತಿಗೆ ಗಾಳಿ ಬಡಿಯಬಾರದೆಂದು ಹೆಂಡತಿ ಕಿಟಕಿ ಮುಚ್ಚಿ ಅದರ ಸಂದಿಗೆ ಹಳೆಯ ಸೀರೆ ತುರುಕಿದಳು. ನೀರು ಎರೆದ ಮೇಲೆ ದಿನಾ ಕೆಳಗೆ ಶೆಗಡಿ, ಮೇಲೆ ಲೋಬಾನದ ಹೊಗೆ. ಆ ಹೊಗೆಯಲ್ಲಿ ಬೇರೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ.

"ಒಳಗ ಏನೋ ಕಮಟು ಬರತೈತ್ರಿ," ಅಂದಳು ಹೆಂಡತಿ ಒಮ್ಮೆ.

"ನಿನ್ನ ಮೂಗಿಗೆ ನೆಗಡಿ ಆಗೇತಿ," ಅಂದೆ. ಮಗಳ ಕಡೆ ನೋಡಿದೆ. ಹಣೆಯ ಮೇಲೆ ಕೈ ಇಟ್ಟುಕೊಂಡು ಮಲಗಿದ್ದಳು. ಯಾಕವ್ವಾ ಎಂದರೆ, "ಏನಿಲ್ಲ ಯಪ್ಪಾ, ನಿದ್ದಿ ಇಲ್ಲ," ಅಂದಳು. ಹಸಿ ಬಾಣಂತಿಗೆ ನಿದ್ದೆ ಎಲ್ಲಿಯದು ಎಂದು ನಾವಿಬ್ಬರೂ ಸುಮ್ಮನಾದೆವು. ಮಗು ಹಾಲು ಬಿಟ್ಟು ಬಿಟ್ಟು ಕುಡಿಯುತ್ತಿತ್ತು. ದೃಷ್ಟಿ ತೆಗೆದೆವು. ಉಪ್ಪು, ಮೆಣಸಿನಕಾಯಿ ಎಲ್ಲ ಸುಟ್ಟೆವು. ಆ ಹೊಗೆಯೂ ಅದೇ ಕೋಣೆಯಲ್ಲಿಯೇ ತುಂಬಿತು.

ಒಂದು ರವಿವಾರ ಬೆಳಿಗ್ಗೆ ಚಳಿ ಜೋರಾಗಿತ್ತು. ಹೆಂಡತಿ ಶೆಗಡಿಗೆ ಎರಡು ಮುಷ್ಟಿ ಇದ್ದಿಲು ಹೆಚ್ಚಿಗೆ ಹಾಕಿ, ಬಾಗಿಲು ಎಳೆದುಕೊಂಡು, ಬಾಣಂತಿಗೆ ಕೊಡುವ ಅಂಟಿನ ಉಂಡೆ ಕಟ್ಟಲು ಅಡುಗೆಮನೆಗೆ ಹೋದಳು. ನಾನು ಹೊರಗೆ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಹೊಗೆ ಹಾಕಿದಾಗ ದಿನಾ ಮಗು ಮನೆ ಹಾರಿಹೋಗುವಂತೆ ಅಳುತ್ತಿತ್ತು. ಅಂದು ಅಳಲಿಲ್ಲ. ಕೊನೆಗೂ ನನ್ನ ಮಂಚ ಕೂಸಿಗೆ ಹಿಡಿಸಿತು ಎಂದುಕೊಂಡೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಹಾಗೆಯೇ ಇನ್ನೂ ಆರು ಪತ್ರಿಕೆ ತಿದ್ದಿದೆ. ಏಳನೆಯದಕ್ಕೆ ಕೈ ಹೋಗಲಿಲ್ಲ. ಮನೆ ಬಹಳ ಸುಮ್ಮನಿತ್ತು.

ಬಾಗಿಲು ನೂಕಿದೆ. ಕಣ್ಣು ಉರಿಯಿತು. ಮಗಳ ಮುಖ ಕೆಂಪಗಾಗಿತ್ತು. ಕರೆದೆ, ಏಳಲಿಲ್ಲ. ಭುಜ ಹಿಡಿದು ಅಲುಗಿಸಿದರೆ ರೆಪ್ಪೆ ಅರ್ಧ ತೆರೆದು ಮುಚ್ಚಿದಳು. ಮಗುವನ್ನು ಎತ್ತಿದರೆ ಕತ್ತು ನನ್ನ ಮೊಣಕೈ ಮೇಲೆ ಜೋತುಬಿತ್ತು. ಉಸಿರು ಇತ್ತು, ಇದ್ದೂ ಇಲ್ಲದಷ್ಟು. ಬಗ್ಗಿದಾಗ ಮಂಚದ ಪಟ್ಟಿಗಳ ಕೆಳಮೈ ಕಂಡಿತು. ಕೆಂಡದ ಕಾವಿಗೆ ವಾರ್ನಿಶ್ ಗುಳ್ಳೆ ಗುಳ್ಳೆ ಎದ್ದು, ಅದರೊಳಗಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ನಾನು ಚೀರಿದ್ದು ನನಗೆ ನೆನಪಿಲ್ಲ. ಓಣಿಯವರು ಓಡಿ ಬಂದರು. ಇಬ್ಬರನ್ನೂ ಅಂಗಳದ ಗಾಳಿಗೆ ತಂದು, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಮಗುವಿನ ಮೇಲೆ ಬಗ್ಗಿದವರು ಮುಖ ಕಿವುಚಿದರು. "ಕೂಸಿನ ಅರಿವಿ ಬಟ್ಟಿಗೆ ಇದೇನ್ರೀ ಬಣ್ಣದ ವಾಸನಿ?" ನಾನು ಇಲ್ಲವೆಂದ ವಾಸನೆ ಅವರಿಗೆ ಒಂದೇ ಉಸಿರಿಗೆ ತಿಳಿಯಿತು. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ, ಅದರ ಜೊತೆಗೆ ಕಾದ ವಾರ್ನಿಶಿನ ಹಬೆ. ಇನ್ನರ್ಧ ಗಂಟೆ ತಡವಾಗಿದ್ದರೆ ತಾವು ಏನೂ ಮಾಡುವಂತಿರಲಿಲ್ಲ ಎಂದರು. ಇಬ್ಬರ ಮೂಗಿಗೂ ಆಕ್ಸಿಜನ್ ಹಾಕಿದರು. ಮಗು ಅಳುವವರೆಗೆ ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅತ್ತಿತು.

ನಾಲ್ಕು ದಿನಕ್ಕೆ ಮನೆಗೆ ಬಂದರು. ಅಷ್ಟರಲ್ಲಿ ತಿಕೋಟಾದಿಂದ ಚಾಚಾ ಬಂದು ಮಂಚ ಬಿಚ್ಚಿದ್ದರು. ಅಂದೇ ಹೇಳಿದ್ದೆನಲ್ಲ ಎಂದು ಅವರು ಒಂದು ಮಾತೂ ಎತ್ತಲಿಲ್ಲ. ಪಟ್ಟಿಗಳನ್ನು ಕೆರೆಯುತ್ತ ಇಷ್ಟೇ ಹೇಳಿದರು: "ವಾಸನಿ ಓಡ್ಸಾಕ ಬರೂದಿಲ್ರಿ ಸರ. ಅದು ಎಲ್ಲಿಂದ ಹುಟ್ಟತೈತಿ, ಅದನ್ನ ಕೆರದ ತಗೀಬೇಕು. ಆಮ್ಯಾಲ ಗಾಳಿಗೆ ಬಿಡಬೇಕು. ಅದಕ್ಕ ಬ್ಯಾರೆ ಔಷಧ ಇಲ್ಲ."

ಮಗಳು ಕಿಟಕಿ ತೆರೆದ ನಡುಮನೆಯಲ್ಲಿ ನೆಲದ ಮೇಲೆ ಹಾಸಿಕೊಂಡು ಮಲಗಿದ್ದಳು. ಪಕ್ಕದಲ್ಲಿ ಕೂತೆ. ಹೊದಿಕೆ ಸರಿಮಾಡಿ ಕೇಳಿದೆ.

"ನಿನಗ ವಾಸನಿ ಬರತಿತ್ತೇನವ್ವಾ?"

"ಮೊದಲನೇ ದಿನದಿಂದ ಬರತಿತ್ತು. ತಲಿ ಸಿಡೀತಿತ್ತು."

"ಮತ್ತ ಯಾಕ ಹೇಳಲಿಲ್ಲ?"

ಮಗುವಿನ ಕಡೆ ನೋಡುತ್ತ ಹೇಳಿದಳು: "ಅಷ್ಟ ಆಸೆಪಟ್ಟ, ಹೌಸಿಲೆ ಮಾಡಿದ್ದಿ. ನಿನಗ ಕೆಟ್ಟ ಅನಸತೈತಿ ಅಂತ ತಾಳಿಕೊಂಡೆ."

ತಾಳಿದವನು ಬಾಳಿಯಾನು: ವರ್ಷ ವರ್ಷವೂ ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮಕ್ಕಳಿಗೆ ಕೊಡುವವನು ನಾನೇ. ನನ್ನ ಶಾಲೆಯಲ್ಲಿಯೇ ಓದಿದ ಇವಳೂ ಬರೆದಿದ್ದಳು. ಬಹಳ ಚೆನ್ನಾಗಿ ಬರೆದಿದ್ದೀ ಎಂದು ಹತ್ತಕ್ಕೆ ಹತ್ತು ಹಾಕಿದ್ದೆ. ಆಮೇಲೆ ಆ ಗಾದೆಯನ್ನು ಯಾವ ತರಗತಿಗೂ ಕೊಟ್ಟಿಲ್ಲ.

ಈಗ ಅವಳು ಮಗುವಿನೊಂದಿಗೆ ಬಬಲೇಶ್ವರದಲ್ಲಿ ಇದ್ದಾಳೆ. ಅಳಿಯನ ಮನೆಯವರ ಬಗ್ಗೆ ನಾನು ಕೆಟ್ಟದ್ದೇನೂ ಕೇಳಿಲ್ಲ. ಫೋನು ಮಾಡಿದಾಗೆಲ್ಲ, "ಎಲ್ಲಾ ಆರಾಮ ಅದೀವಿ," ಅನ್ನುತ್ತಾಳೆ. ಮೊದಲಾದರೆ ನಂಬಿ ಉಂಡು ಮಲಗುತ್ತಿದ್ದೆ. ಈಗ ಆ ಮಾತು ಕೇಳಿದರೆ ಮತ್ತೇನು ತಾಳಿಕೊಂಡಿದ್ದಾಳೋ ಅನ್ನಿಸುತ್ತದೆ. ಮರುದಿನ ಶಾಲೆ ಬಿಟ್ಟ ಕೂಡಲೇ ವಿಜಯಪುರಕ್ಕೆ ಬಂದು, ಮನೆಗೆ ಹೋಗದೆ, ಬಬಲೇಶ್ವರದ ಬಸ್ಸು ಹತ್ತುತ್ತೇನೆ. ಕರೆಯದೆ ಬಂದುದಕ್ಕೆ ಬೀಗರಿಗೆ ಏನು ನೆಪ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸುತ್ತೇನೆ.