ಎರಡನೇ ಸಲದ ಸಾಂಬಾರು

ಪುಣೆ ಪಕ್ಕದ ಭೋಸರಿಯ ಸರಕಾರಿ ಕಾಲೇಜಿನ ಎದುರಿಗೆ ಹೋಟೆಲು ನಡೆಸುವ ಲೀಲಾಕ್ಷಿಯದು ಒಂದೇ ನಿಯಮ: ಮೊದಲ ಸಲದ ಸಾಂಬಾರು ಇಡ್ಲಿಯ ಜೊತೆಗೇ ಬರುತ್ತದೆ, ಎರಡನೇ ಸಲ ಬೇಕಾದವರು ಅಂದಿನ ಪಾಠ ಹೇಳಬೇಕು. ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುತ್ತಲೇ "ಎಂಥ ಕಲಿಸಿದರು ಇವತ್ತು?" ಎಂದು ಕೇಳುತ್ತಾಳೆ. ಪಾಠ ಅರ್ಧಂಬರ್ಧವಾದರೆ ಸಾಂಬಾರೂ ಅರ್ಧ ಸೌಟು. ಜಾಣನೊಬ್ಬ ಹಳೆಯ ಪಾಠವನ್ನೇ ತಿರುಗಿ ಒಪ್ಪಿಸಲು ಹೋಗಿ, "ಇದು ನಿನ್ನೆಯ ಸಾಮಾನು ಮಾರಾಯ, ತಾಜಾ ಇದ್ದರೆ ತಾ" ಎಂದು ಅನ್ನಿಸಿಕೊಂಡಿದ್ದ. ಮೇಷ್ಟ್ರು ರಜೆ ಹಾಕಿದ ದಿನ ವಿದ್ಯಾರ್ಥಿಗಳು ಕುಣಿಯುತ್ತಾರೆ. ಲೀಲಾಕ್ಷಿ ಮಾತ್ರ ಸರಕಿನ ಲಾರಿ ಬಾರದ ವ್ಯಾಪಾರಿಯಂತೆ ಸಪ್ಪಗಾಗುತ್ತಾಳೆ. ಪಿಯುಸಿ ಮುಗಿದದ್ದೇ ಮದುವೆಯಾಗಿ ಕಾರ್ಕಳದಿಂದ ನೇರ ಈ ಗಲ್ಲಾಕ್ಕೆ ಬಂದವಳು ಆಕೆ. ರಸ್ತೆ ದಾಟಿ ಆ ಗೇಟಿನೊಳಗೆ ಒಂದು ದಿನವೂ ಕಾಲಿಟ್ಟಿಲ್ಲ. ಮೊನ್ನೆ, ಯಾದಗಿರಿ ಕಡೆಯ ಗಾರೆ ಕೆಲಸದವರ ಮಗಳು ಭಾಗ್ಯಾ ಬಿ.ಎ. ಪಾಸಾದ ಪೇಡೆ ಹಿಡಿದು ಬಂದಳು. "ಅಕ್ಕಾರ, ಮೂರು ವರ್ಷ ನನ್ನ ಕೂಡ ನೀವೂ ಕಲ್ತೀರಿ. ಈಗ ಖರೇನೇ ಹೆಸರು ಹಚ್ರಿ, ಅಡ್ಮಿಶನ್ ನಾಳಿಗೆ ಮುಗೀತದ" ಎಂದಳು. "ಹೌದು, ಗಲ್ಲಾದಲ್ಲಿ ನಿನ್ನಪ್ಪ ಬಂದು ಕೂತುಕೊಳ್ತಾರೆ" ಎಂದು ಲೀಲಾಕ್ಷಿ ನಕ್ಕು, ಕಾಯುತ್ತಿದ್ದ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕಳಿಸಿದಳು. ಆಮೇಲೆ, ಪೇಡೆ ಇನ್ನೂ ಕೈಯಲ್ಲೇ ಇರುವಾಗ, ಸ್ವರ ತಗ್ಗಿಸಿ ಕೇಳಿದಳು: "ಮೊದಲ ದಿನ ಎಲ್ಲಿ ಕೂತುಕೊಳ್ಳಬೇಕು ಅಂತ ಅವರೇ ಹೇಳ್ತಾರಾ, ನಾವೇ ನೋಡಿಕೊಳ್ಳಬೇಕಾ?"